ಹಳೆ ಪಿಕಪ್ಪಿಗೆ ಗಟ್ಟಿ ಶಾಕ್ ಅಲ್ಲ, ತಕ್ಕ ಶಾಕ್

2024ರ ನವೆಂಬರ್‌ನಲ್ಲಿ ನಡೆದ ನಮ್ಮ ಸಂಘದ ರಾಜ್ಯೋತ್ಸವ ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಯ ಭಾವಚಿತ್ರವನ್ನು ಹೊತ್ತು ಮುಂದೆ ಸಾಗಿದ ಹಸಿರು ಬಣ್ಣದ ಹಳೆ ಜೀಪ್ ಪಿಕಪ್ಪನ್ನು ಸದಸ್ಯ ಬಾಂಧವರು ನೋಡಿರುತ್ತೀರಿ. ಮೆರವಣಿಗೆ ಮುಗಿದು ಉಪಾಹಾರದ ಹೊತ್ತಿನಲ್ಲಿ ಕನಿಷ್ಠ ಹತ್ತು ಮಂದಿ ನನ್ನ ಬಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ. ರಸ್ತೆ ತುಂಬ ಹೊಂಡ, ಗಾಡಿಗೋ ಅರ್ಧ ಶತಮಾನ ದಾಟಿದೆ, ಆದರೂ ಚಿತ್ರ ಅಲುಗಾಡಲಿಲ್ಲವಲ್ಲ, ಏನು ಮಾಡಿಸಿದಿರಿ? ಕೈಯಲ್ಲಿ ಕಾಫಿ ಹಿಡಿದುಕೊಂಡು 'ಶಾಕ್ ಅಬ್ಸಾರ್ಬರ್ ಬದಲಿಸಿದೆವು' ಎಂದಷ್ಟೇ ಹೇಳಿದೆ. ಆದರೆ ಆ ನಾಲ್ಕು ಶಾಕ್‌ಗಳನ್ನು ಆರಿಸಲು ನಮಗೆ ಹಿಡಿದದ್ದು ಏಳು ತಿಂಗಳು. ಎರಡು ಸಲ ದುಡ್ಡು ತೆತ್ತೆವು, ಒಂದು ಸಲ ಜೀವಭಯವನ್ನೂ ಕಂಡೆವು. ಊರಿನಲ್ಲಿ ತೋಟದ ಕೆಲಸಕ್ಕೆಂದು ಹಳೆಯ ಜೀಪು ಇಟ್ಟುಕೊಂಡವರು, ಇಲ್ಲಿ ತಂದೆಯ ಕಾಲದ ವ್ಯಾನನ್ನು ಮಾರಲು ಮನಸ್ಸು ಬಾರದೆ ಉಳಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಬ್ಯಾಂಕ್ ಗುಮಾಸ್ತ. ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬಾರದ ಜಾತಿ, ಅಷ್ಟೇ.

ಗಾಡಿ ನನ್ನದಲ್ಲ, ಭಾವನದು. 1969ರ ಮಹೀಂದ್ರ ಜೀಪ್, ಉದ್ದ ಚಾಸಿ, ಹಿಂದೆ ಪಿಕಪ್ ಡಬ್ಬಿ. ಕಾಗದಪತ್ರದಲ್ಲಿಯೂ ಪಿಕಪ್ ಎಂದೇ ದಾಖಲಾಗಿದೆ. ಒಳಗಿರುವುದು ಹರಿಕೇನ್ ಎಂದು ಕರೆಯುವ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅಮೆರಿಕದ ವಿಲ್ಲೀಸ್ ಕಂಪೆನಿಯ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ಇದೇ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೋಡಿಸಲು ತೊಡಗಿದವರು ಮಹೀಂದ್ರದವರು. ಹಾಗಾಗಿ ಈ ಗಾಡಿಯೂ ನಮ್ಮ ಹಾಗೆ ಬೇರೆಲ್ಲಿಯದೋ ಬೇರು, ಮುಂಬಯಿಯ ಬಾಳು. ಭಾವ ಇದನ್ನು 1978ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಮುಲುಂಡ್‌ನ ಅವರ ಹೊಟೇಲಿಗೆ ಬೈಕಲಾ ಮಾರುಕಟ್ಟೆಯಿಂದ ಬಟಾಟೆ, ನೀರುಳ್ಳಿ, ತೆಂಗಿನಕಾಯಿ ಹೊತ್ತು ತಂದದ್ದು ಇದೇ ಗಾಡಿ. 1996ರಲ್ಲಿ ತರಕಾರಿಯ ಸಗಟು ವ್ಯಾಪಾರ ವಾಶಿಗೆ ಹೋದ ಮೇಲೆ ಅಲ್ಲಿಗೂ ಕೆಲವು ವರ್ಷ ಓಡಿತು. ಬೆಳಗಿನ ಜಾವ ಮೂರೂವರೆಗೆ ಹೊರಟು ಆರಕ್ಕೆ ವಾಪಸು. ನಂತರ ಶೆಡ್ಡಿನಲ್ಲಿ ನಿಂತಿತು.

ಅಕ್ಕನ ಮಗ, ಅಂದರೆ ನನ್ನ ಸೋದರಳಿಯ, ಅದನ್ನು ಮತ್ತೆ ಎಬ್ಬಿಸಿದ. ಎಂಜಿನ್ ಬಿಚ್ಚಿಸಿದ, ಬಣ್ಣ ಹೊಡೆಸಿದ, ಸೀಟು ಹೊಲಿಸಿದ. ಭಾವನಿಗೆ ಈಗ 82. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿದೆ. ಅವರ ಒಂದೇ ಆಸೆ, ಈ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಇನ್ನೊಮ್ಮೆ ಬೈಕಲಾದವರೆಗೆ ಹೋಗಿ ಬರಬೇಕು.

ಗಾಡಿ ಚಂದ ಕಂಡಿತು, ಚಂದ ಓಡಲಿಲ್ಲ. ಹಳೆಯ ಶಾಕ್‌ಗಳು ಎಣ್ಣೆ ಸುರಿಸಿ ಒಣಗಿದ್ದವು. ಒಂದು ಹೊಂಡಕ್ಕೆ ಬಿದ್ದರೆ ಮುಂದಿನ ಸಿಗ್ನಲ್ ತನಕ ದೋಣಿಯಂತೆ ತೂಗುತ್ತಿತ್ತು. ಅಳಿಯ ಬಿಡಿಭಾಗಗಳ ಪೇಟೆಗೆ ಹೋದ. ಅಂಗಡಿಯವ 'ಪಿಕಪ್ ಅಲ್ಲವೇ, ಹೆವಿ ಡ್ಯೂಟಿ ಹಾಕಿ, ಜನ್ಮದಲ್ಲಿ ತಿರುಗಿ ನೋಡಬೇಕಾಗಿಲ್ಲ' ಎಂದು ಚಿಕ್ಕ ಲಾರಿಗೆ ಹಾಕುವ ನಾಲ್ಕು ಶಾಕ್ ಕಟ್ಟಿಕೊಟ್ಟ. ಹಾಕಿಸಿ ತಂದು ಮೂಲೆ ಒತ್ತಿ ನೋಡಿದರೆ ಬಂಡೆ. ನಾನೂ ಮೆಚ್ಚಿ ತಲೆಯಾಡಿಸಿದವನೇ. ಗಟ್ಟಿ ಇದ್ದದ್ದು ಒಳ್ಳೆಯದು ಎಂಬುದು ನಮ್ಮೆಲ್ಲರ ತಲೆಯೊಳಗೆ ಕುಳಿತ ಮಾತು.

ಮುಂದಿನ ಭಾನುವಾರ ಅಳಿಯನೂ ನಾನೂ ಹೊರಟೆವು. ಹಿಂದಿನ ಡಬ್ಬಿ ಖಾಲಿ. ಹೆದ್ದಾರಿಯ ಮೇಲ್ಸೇತುವೆ ಇಳಿಯುವಲ್ಲಿ ರಸ್ತೆ ಸ್ವಲ್ಪ ಎಡಕ್ಕೆ ತಿರುಗುತ್ತದೆ, ಅಲ್ಲಿಯೇ ಸೇತುವೆಯ ಕಬ್ಬಿಣದ ಜೋಡಣೆ ಅಡ್ಡಕ್ಕಿದೆ. ವೇಗ ಐವತ್ತೂ ಇರಲಿಕ್ಕಿಲ್ಲ. ಹಿಂದಿನ ಚಕ್ರಗಳು ಆ ಜೋಡಣೆಗೆ ತಾಗಿದ್ದೇ ತಡ, ಕತ್ತೆ ಒದ್ದ ಹಾಗೆ ಗಾಡಿಯ ಹಿಂಭಾಗ ಹಾರಿ ಒಂದೂವರೆ ಅಡಿ ಬಲಕ್ಕೆ ಸರಿದು ಇಳಿಯಿತು. ಬಲಬದಿಯಲ್ಲಿ ಸ್ಕೂಟರಿನಲ್ಲಿ ಒಬ್ಬರು, ಮುಂದೆ ನಿಂತ ಪುಟ್ಟ ಮಗು. ಅವರು ಬ್ರೇಕ್ ಹಿಡಿದರು, ಅಳಿಯ ಸ್ಟಿಯರಿಂಗ್ ಹಿಡಿದ, ದೇವರು ಉಳಿದದ್ದನ್ನು ಹಿಡಿದ. ಸೇತುವೆ ಇಳಿದು ಬದಿಗೆ ನಿಲ್ಲಿಸಿ ಇಬ್ಬರೂ ಐದು ನಿಮಿಷ ಮಾತಾಡಲಿಲ್ಲ.

ಮನೆಗೆ ಬಂದು ಮುಚ್ಚಿಡಬಹುದಿತ್ತು. ನನ್ನಿಂದಾಗಲಿಲ್ಲ. ಅಕ್ಕ ಕೇಳಿ ಒಂದೇ ಮಾತು ಹೇಳಿದಳು: 'ಗಾಡಿ ನೆಟ್ಟಗೆ ಹೋಗುವುದಾದರೆ ಇರಲಿ. ಇಲ್ಲವಾದರೆ ನಾಳೆಯೇ ಗುಜರಿಗೆ. ನಿಮ್ಮ ಭಾವನನ್ನು ಅದರಲ್ಲಿ ಕೂರಿಸಿದರೆ ನನ್ನ ಮೇಲಾಣೆ.' ಭಾವ ಟಿ.ವಿ. ಕಡೆಗೆ ಮುಖ ತಿರುಗಿಸಿ ಕುಳಿತಿದ್ದರು. ಕೇಳಿಸಿಕೊಂಡರೆಂದು ಕಿವಿ ಹೇಳುತ್ತಿತ್ತು.

ಕುರ್ಲಾದಲ್ಲಿ ನಲವತ್ತು ವರ್ಷ ಗ್ಯಾರೇಜ್ ನಡೆಸಿ ಈಗ ವಿಶ್ರಾಂತಿಯಲ್ಲಿರುವ ನಮ್ಮ ಬಂಟ್ವಾಳ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಂಡು ಹೋದದ್ದು ಆಮೇಲೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಹೊಸ ಶಾಕ್‌ಗಳನ್ನು ಬೆರಳಿನಿಂದ ತಟ್ಟಿ, 'ಇಂದ್ ಬೊಡ್ಚಿ' ಎಂದರು. ಇದು ಬೇಡ. ಯಾಕೆ ಬೇಡ ಎಂದು ತಿಳಿಯಲು ನನಗೆ ಮೂರು ಭೇಟಿ ಬೇಕಾಯಿತು.

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೊಂಡದ ಏಟನ್ನು ಮೊದಲು ನುಂಗುವುದು ಟಯರು ಮತ್ತು ಸ್ಪ್ರಿಂಗು, ಅಂದರೆ ಜೀಪಿನಲ್ಲಿ ಪಟ್ಟಿಗಳು. ಗಾಡಿಯ ಭಾರ ಹೊರುವುದೂ ಪಟ್ಟಿಯೇ. ನುಂಗಿದ್ದನ್ನು ಪಟ್ಟಿ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಕೂಡಲೇ ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗಿಸುವಾಗ ಗಾಡಿ ಮೇಲೆ ಕೆಳಗೆ ಕುಣಿಯುತ್ತಲೇ ಇರಬಾರದೆಂದು ಕೈ ಹಿಡಿದು ನಿಲ್ಲಿಸುವುದು ಶಾಕ್‌ನ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ತೂತುಗಳೂ ಕವಾಟಗಳೂ. ಎಣ್ಣೆ ಆ ಕಿರಿದಾದ ದಾರಿಯಲ್ಲಿ ನುಸುಳುವಾಗ ಚಲನೆಯ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದು ಶಾಕ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ, ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ ಎಂದರ್ಥ.

ನನಗೆ ಇದು ನಿಜವಾಗಿ ಅರ್ಥವಾದದ್ದು ನಮ್ಮ ಶಾಖೆಯ ಗಾಜಿನ ಬಾಗಿಲಿನಿಂದ. ಬಾಗಿಲ ತಲೆಯ ಮೇಲಿರುವ ಡೋರ್ ಕ್ಲೋಸರ್‌ನಲ್ಲಿಯೂ ಒಂದು ಸ್ಪ್ರಿಂಗ್ ಮತ್ತು ಎಣ್ಣೆಯ ಒಂದು ಕೊಳವೆ ಇದೆ. ಎಣ್ಣೆ ಸೋರಿದರೆ ಬಾಗಿಲು ಧಡಾರೆಂದು ಬಡಿಯುತ್ತದೆ. ಸ್ಕ್ರೂ ಅತಿಯಾಗಿ ಬಿಗಿದರೆ ಬಾಗಿಲು ಅರ್ಧಕ್ಕೇ ತೆವಳುತ್ತ ನಿಂತು, ಏ.ಸಿ. ಗಾಳಿಯೆಲ್ಲ ಹೊರಗೆ. ಎರಡೂ ಕೆಟ್ಟ ಬಾಗಿಲೇ. ಇನ್ನೊಂದು ಮಾತು: ಭಾರದ ಮರದ ಬಾಗಿಲಿಗೆ ಸರಿಯಾಗಿ ಹೊಂದಿಸಿದ ಕ್ಲೋಸರನ್ನು ಹಗುರ ಬಾಗಿಲಿಗೆ ಹಾಕಿದರೆ ಅದು ಅತಿ ಬಿಗಿಯಾದ ಹಾಗೆಯೇ ಆಗುತ್ತದೆ. ನಮ್ಮ ಪಿಕಪ್ಪಿನಲ್ಲಿ ಆದದ್ದು ಇದೇ. ಲಾರಿಯ ಭಾರಕ್ಕೆ ಮಾಡಿದ ಶಾಕ್, ಖಾಲಿ ಡಬ್ಬಿ.

ಶಾಕ್ ಎರಡು ದಿಕ್ಕಿನಲ್ಲಿ ತಡೆಯುತ್ತದೆ. ಚಕ್ರ ಮೇಲೇರಿ ಶಾಕ್ ಕುಗ್ಗುವಾಗ ಒಂದು ತಡೆ, ಪಟ್ಟಿ ಹಿಗ್ಗಿ ಶಾಕ್ ಎಳೆಯಲ್ಪಡುವಾಗ ಇನ್ನೊಂದು. ಸಾಮಾನ್ಯವಾಗಿ ಎಳೆಯುವಾಗಿನ ತಡೆಯನ್ನು ಹೆಚ್ಚು, ಕುಗ್ಗುವಾಗಿನದನ್ನು ಕಡಿಮೆ ಇಡುತ್ತಾರೆ. ಕುಗ್ಗುವಾಗಿನ ತಡೆ ಅತಿಯಾದರೆ, ಚಕ್ರ ಉಬ್ಬನ್ನು ಏರುವ ಬದಲು ಇಡೀ ಗಾಡಿಯನ್ನೇ ಎತ್ತಿ ಎಸೆಯುತ್ತದೆ. ಎಳೆಯುವಾಗಿನ ತಡೆ ಅತಿಯಾದರೆ, ಒಂದು ಹೊಂಡದಿಂದ ಪಟ್ಟಿ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಹೊಂಡ ಬರುತ್ತದೆ, ಗಾಡಿ ಸ್ವಲ್ಪ ಸ್ವಲ್ಪವೇ ಕುಸಿಯುತ್ತ ಕೊನೆಗೆ ಪಟ್ಟಿಯೇ ಇಲ್ಲದ ಹಾಗೆ ಬಡಿಯುತ್ತದೆ. ಎರಡರಲ್ಲಿಯೂ ಟಯರು ನೆಲ ಬಿಡುತ್ತದೆ. ನೆಲ ಬಿಟ್ಟ ಟಯರಿಗೆ ತಿರುವೂ ಇಲ್ಲ, ಬ್ರೇಕೂ ಇಲ್ಲ. ಸೇತುವೆಯ ಮೇಲೆ ಗಾಡಿ ಬಲಕ್ಕೆ ಹಾರಿದ್ದು ಹೀಗೆ. ಸೀಟಿನ ಮೆತ್ತಗೆಗಿಂತ ದೊಡ್ಡ ಸಂಗತಿ ಇದು.

ಶಾಕ್ ಏನು ಮಾಡುವುದಿಲ್ಲ ಎಂಬುದನ್ನೂ ಹಿರಿಯರು ಹೇಳಿಕೊಟ್ಟರು. ಕುಸಿದ ಗಾಡಿಯನ್ನು ಅದು ಎತ್ತುವುದಿಲ್ಲ. ದೊಡ್ಡ ತಿರುವಿನಲ್ಲಿ ಗಾಡಿ ಎಷ್ಟು ವಾಲಬೇಕೋ ಅಷ್ಟು ವಾಲಿಯೇ ತೀರುತ್ತದೆ, ಅದನ್ನು ನಿರ್ಧರಿಸುವುದು ಪಟ್ಟಿಗಳು. ಎಷ್ಟು ಬೇಗ ವಾಲಬೇಕು, ಎಷ್ಟು ಬೇಗ ನೆಟ್ಟಗಾಗಬೇಕು ಎಂಬುದಷ್ಟೇ ಶಾಕ್‌ನ ಕೈಯಲ್ಲಿದೆ. ಇನ್ನು ಕಿಂಗ್‌ಪಿನ್, ಟೈರಾಡ್ ಸವೆದು ಮುಂದಿನ ಚಕ್ರ ನಡುಗುತ್ತಿದ್ದರೆ ಯಾವ ಶಾಕ್ ಹಾಕಿದರೂ ದುಡ್ಡು ದಂಡ.

ಆದ್ದರಿಂದ ಶಾಕ್ ಕೊಳ್ಳುವ ಮೊದಲು ಉಳಿದದ್ದರ ತಪಾಸಣೆ. ಮುಂದಿನ ಎಡಚಕ್ರದ ಬೇರಿಂಗ್ ಸಡಿಲವಿತ್ತು. ಪಟ್ಟಿಗಳ ತುದಿಯ ಬುಷ್‌ಗಳು ಸವೆದು ಮೊಟ್ಟೆಯಾಕಾರವಾಗಿದ್ದವು. ಟಯರಿನಲ್ಲಿ ಗಾಳಿ 45 ಪೌಂಡ್ ಇತ್ತು, ತರಕಾರಿ ಹೊರುವ ಕಾಲದ ಅಭ್ಯಾಸ. ಖಾಲಿ ಗಾಡಿಗೆ ಅದು ಕಲ್ಲಿನ ಚಕ್ರ. ಎಲ್ಲಕ್ಕಿಂತ ಮುಖ್ಯವಾದದ್ದು ಹಿಂದಿನ ಪಟ್ಟಿ. ಹಿರಿಯರು ಬಗ್ಗಿ ಎಣಿಸಿ, 'ಎರಡು ಪಟ್ಟಿ ಹೆಚ್ಚಿಗೆ ಇದೆ, ಯಾರು ಸೇರಿಸಿದ್ದು?' ಎಂದು ಕೇಳಿದರು. ಭಾವನಿಗೆ ಫೋನ್ ಹಚ್ಚಿದೆವು. 'ನಾನೇ, 1983ರಲ್ಲಿ. ಬಟಾಟೆ ಗೋಣಿ ಹೆಚ್ಚಿಗೆ ಹಾಕಿದರೆ ಹಿಂದೆ ಕೂರುತ್ತಿತ್ತು' ಎಂದರು ಸ್ವಲ್ಪ ಹೆಮ್ಮೆಯಿಂದಲೇ.

ಅಂದು ಮಧ್ಯಾಹ್ನವೇ ಗಾಡಿಯನ್ನು ಒಂದು ವೇಬ್ರಿಜ್‌ಗೆ ಒಯ್ದೆವು. ಮುಂದಿನ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ಒಂದು ತೂಕ, ಇಡೀ ಗಾಡಿ ನಿಲ್ಲಿಸಿ ಇನ್ನೊಂದು. ಮುಂದೆ 720 ಕಿಲೋ, ಒಟ್ಟು 1,330, ಅಂದರೆ ಹಿಂದೆ 610. ಹಿಂದಿನ ಪಟ್ಟಿಗಳು ಒಂದು ಕಾಲದಲ್ಲಿ ಈ 610ರ ಮೇಲೆ ಇನ್ನೂ ಏಳುನೂರು ಕಿಲೋ ಹೊರುತ್ತಿದ್ದವು. ಈಗ ಹೊರಬೇಕಾದದ್ದು ಭುವನೇಶ್ವರಿಯ ಚಿತ್ರ, ಹೂವು, ಇಬ್ಬರು ಸ್ವಯಂಸೇವಕರು. ಜಮಾ ಇಲ್ಲದ ಖಾತೆಗೆ ಓವರ್‌ಡ್ರಾಫ್ಟ್ ಸೌಲಭ್ಯ ಇಟ್ಟ ಹಾಗೆ. ಹೆಚ್ಚುವರಿ ಎರಡು ಪಟ್ಟಿಗಳನ್ನು ತೆಗೆಸಿದೆವು. ಉಳಿದವನ್ನು ಬಿಚ್ಚಿ ತುಕ್ಕು ಉಜ್ಜಿ ಗ್ರೀಸ್ ಹಚ್ಚಿಸಿದೆವು. ತುಕ್ಕು ಹಿಡಿದ ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡು ತಾವೇ ಶಾಕ್‌ನಂತೆ ತಡೆಯುತ್ತವೆ, ಅದೂ ಒಮ್ಮೆ ಹಿಡಿದು ಒಮ್ಮೆ ಬಿಟ್ಟು. ಅದರ ಮೇಲೆ ಕುಳಿತು ಹೊಸ ಶಾಕ್ ಹೇಗಿದೆ ಎಂದು ತೀರ್ಮಾನಿಸಲಿಕ್ಕಾಗದು.

ನಂತರದ್ದು ಅಳತೆ. ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಪಟ್ಟಿ ತೆಗೆಯುವ ಮೊದಲೇ ಉತ್ಸಾಹದಿಂದ ಟೇಪ್ ಹಿಡಿದು ಎಲ್ಲ ಬರೆದಿಟ್ಟಿದ್ದೆ. ಪಟ್ಟಿ ತೆಗೆದ ಮೇಲೆ ಗಾಡಿ ಕೆಳಗಿಳಿದು ಆ ಪುಟವೆಲ್ಲ ವ್ಯರ್ಥವಾಯಿತು. ಆದರೂ ಒಂದು ಲಾಭವಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಹಿಂದಿನ ಶಾಕ್‌ನ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗೆ, ಗಾಡಿ ಸಮನೆಲದಲ್ಲಿ ತನ್ನ ಭಾರದಲ್ಲಿ ನಿಂತಾಗ, 15 ಇಂಚು. ಆಕ್ಸಲ್ ಮೇಲೇರಿ ಚಾಸಿಯ ರಬ್ಬರ್ ಬಫರಿಗೆ ತಾಗಲು 3 ಇಂಚು, ಅಂದರೆ ಆಗ ಕಣ್ಣಿಂದ ಕಣ್ಣಿಗೆ 12. ಚಾಸಿಯನ್ನು ಜಾಕ್ ಮಾಡಿ ಆಕ್ಸಲ್ ಪೂರ್ತಿ ಇಳಿಬಿಟ್ಟಾಗ 18. ನಮಗೆ ಬೇಕಾದ ಶಾಕ್ ಪೂರ್ತಿ ಕುಗ್ಗಿದಾಗ 12ಕ್ಕಿಂತ ಕಡಿಮೆ ಇರಬೇಕು, ಅರ್ಧ ಇಂಚು ಉಳಿಕೆ ಇಟ್ಟರೆ ಹನ್ನೊಂದೂವರೆ. ಪೂರ್ತಿ ಎಳೆದಾಗ 18ಕ್ಕಿಂತ ಹೆಚ್ಚಿರಬೇಕು, ಅದೇ ಉಳಿಕೆಯಲ್ಲಿ ಹದಿನೆಂಟೂವರೆ. ಏಟು ಯಾವಾಗಲೂ ರಬ್ಬರ್ ಬಫರಿಗೆ ಬೀಳಬೇಕು, ಶಾಕ್‌ನ ತಳಕ್ಕಲ್ಲ. ಶಾಕ್ ತಳ ತಾಗಿದ ಕ್ಷಣ ಅದು ಶಾಕ್ ಅಲ್ಲ, ಕಬ್ಬಿಣದ ಗೂಟ. ಹಾಗೆಯೇ ಅತಿ ಗಿಡ್ಡ ಶಾಕ್ ಹಾಕಿದರೆ ಆಕ್ಸಲ್ ಅದಕ್ಕೇ ನೇತು ಬಿದ್ದು ಒಂದಲ್ಲ ಒಂದು ದಿನ ಕಣ್ಣು ಕಿತ್ತು ಬರುತ್ತದೆ.

ಈ ಅಳತೆ ಹಿಡಿದು ಅಂಗಡಿಯವ ಕೊಟ್ಟಿದ್ದ ಹೆವಿ ಡ್ಯೂಟಿ ಶಾಕನ್ನು ಬಿಚ್ಚಿ ನೆಲಕ್ಕೊತ್ತಿ ಅಳೆದೆ. ಪೂರ್ತಿ ಕುಗ್ಗಿದಾಗ ಹದಿಮೂರೂವರೆ. ನನ್ನ ವ್ಯರ್ಥವಾದ ಪುಟದ ಪ್ರಕಾರ ಹೆಚ್ಚುವರಿ ಪಟ್ಟಿಗಳಿದ್ದಾಗ ಗಾಡಿ ನಿಂತಿದ್ದದ್ದು ಹದಿನಾರೂವರೆಯಲ್ಲಿ. ಅಂದರೆ ಬಫರಿಗೆ ತಾಗಲು ನಾಲ್ಕೂವರೆ ಇಂಚು ಜಾಗವಿದ್ದರೂ ಮೂರು ಇಂಚಿಗೇ ಶಾಕ್ ತಳ ತಾಗುತ್ತಿತ್ತು. ಕೆಳಗಿನ ಕಣ್ಣು ಸ್ವಲ್ಪ ಬಾಗಿಯೂ ಇತ್ತು. ಸೇತುವೆಯ ಮೇಲೆ ಒದ್ದ ಕತ್ತೆ ಯಾವುದೆಂದು ಆಗ ಗೊತ್ತಾಯಿತು. ಗಟ್ಟಿಯೂ ಹೌದು, ಉದ್ದವೂ ಹೌದು. ಆ ಅಂಗಡಿಯವ ಗಾಡಿಯ ಅಳತೆ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಈ ಮಧ್ಯೆ ಇನ್ನೊಬ್ಬ ವೆಲ್ಡರ್ ಪರಿಹಾರ ಸೂಚಿಸಿದ್ದ. ಶಾಕ್ ಉದ್ದವಾದರೇನು, ಮೇಲಿನ ಕೊಂಡಿಯನ್ನು ಚಾಸಿಯ ಒಳಮಗ್ಗುಲಿಗೆ ಬೆಸೆದು ಓರೆಯಾಗಿ ಕೂರಿಸೋಣ ಎಂದು. ಅಳಿಯ ಚಾಸಿಗೆ ಕೈ ಹಚ್ಚಲು ಬಿಡಲಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆ ವಾಹನಗಳಿಗಾಗಿ ವಿಂಟೇಜ್ ನೋಂದಣಿಯ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಮಾಡದ ಖಾಸಗಿ ವಾಹನಗಳಿಗೆ ಅದು ಅನ್ವಯಿಸುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ವ್ಯಾಪಾರಕ್ಕೆ ಬಳಸುವಂತಿಲ್ಲ. ಅಳಿಯ ಆ ದಾರಿಯಲ್ಲಿದ್ದ. ಆದರೆ ನಿಯಮ ಇಲ್ಲದಿದ್ದರೂ ಆ ಬೆಸುಗೆ ಬೇಡವಾಗಿತ್ತು. ಶಾಕ್ ಓರೆಯಾದಷ್ಟೂ ಆಕ್ಸಲ್ಲಿನ ಚಲನೆಯಲ್ಲಿ ಒಂದು ಪಾಲು ಮಾತ್ರ ಅದಕ್ಕೆ ಸಿಗುತ್ತದೆ. ಅದು ಒಡ್ಡುವ ತಡೆಯಲ್ಲಿಯೂ ಒಂದು ಪಾಲು ಮಾತ್ರ ನೇರಕ್ಕೆ ಬರುತ್ತದೆ. ಹೀಗೆ ಎರಡು ಸಲ ಕಡಿತ. ನೇರ ನಿಂತಾಗ ನೂರು ರೂಪಾಯಿ ಕೆಲಸ ಮಾಡುವ ಶಾಕ್ 45 ಡಿಗ್ರಿ ಒರಗಿದರೆ ಐವತ್ತು, 30 ಡಿಗ್ರಿಗೆ ಎಪ್ಪತ್ತೈದು, 20 ಡಿಗ್ರಿಗೆ ಎಂಬತ್ತೆಂಟು. ಕಂಪೆನಿಯವರು ಕೊಟ್ಟ ಜಾಗವನ್ನು ಸುಮ್ಮನೆ ಬದಲಿಸಬಾರದು.

ಇನ್ನು ಯಾವ ಬಗೆಯ ಶಾಕ್? ಈ ಭಾಗಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ, ಆದರೆ ಹೇಳುವುದು ಕಡಿಮೆ. ಹಳೆಯ ಮಾದರಿ ಎಂದರೆ ಜೋಡಿ ಕೊಳವೆಯ ಎಣ್ಣೆ ಶಾಕ್. ಒಳಕೊಳವೆಯಲ್ಲಿ ಪಿಸ್ಟನ್, ಹೊರಕೊಳವೆಯಲ್ಲಿ ಉಳಿದ ಎಣ್ಣೆ ಮತ್ತು ಗಾಳಿ. ಅಗ್ಗ, ಹೊರಗೆ ಕಲ್ಲು ಬಡಿದು ತಗ್ಗಾದರೂ ನಡೆಯುತ್ತದೆ. ದೋಷವೆಂದರೆ ಸತತ ಹೊಂಡಗಳಲ್ಲಿ ಎಣ್ಣೆಯೂ ಗಾಳಿಯೂ ಬೆರೆತು ಮಜ್ಜಿಗೆ ಕಡೆದ ಹಾಗೆ ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿಯಿಲ್ಲ. ಗಾಳಿಯ ಬದಲು ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ ಜೋಡಿ ಕೊಳವೆಯಲ್ಲಿ ಈ ನೊರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಮೂರನೆಯದು ಹೆಚ್ಚಿನ ಒತ್ತಡದ ಒಂಟಿ ಕೊಳವೆ. ಫ್ರಾನ್ಸಿನ ದ ಕಾರ್ಬೊನ್ ಎಂಬವರ ಆವಿಷ್ಕಾರ, ಜರ್ಮನಿಯ ಬಿಲ್‌ಸ್ಟೈನ್ ಕಂಪೆನಿ 1957ರಲ್ಲಿ ಮರ್ಸಿಡಿಸ್ ಕಾರಿಗೆ ಅಳವಡಿಸಿ ಹೆಸರಾದದ್ದು. ಬೇಗ ತಣಿಯುತ್ತದೆ, ನಿಖರ. ಆದರೆ ಬೆಲೆ ಹೆಚ್ಚು. ಪಿಸ್ಟನ್ ಹೊರಕೊಳವೆಗೇ ಉಜ್ಜುವುದರಿಂದ ಒಂದು ಕಲ್ಲಿನೇಟಿಗೆ ಕೊಳವೆ ತಗ್ಗಾದರೆ ಆಟ ಮುಗಿಯಿತು. ಗುಂಡಿ ತಿರುಗಿಸಿ ಬಿಗಿ ಸಡಿಲ ಮಾಡುವ ಶಾಕ್‌ಗಳೂ ಇವೆ. ಒಂದೇ ಭಾರ, ಒಂದೇ ವೇಗದಲ್ಲಿ ಓಡುವ ನಮ್ಮಂಥ ಗಾಡಿಗೆ ಆ ಗುಂಡಿಗೆ ದುಡ್ಡು ಕೊಡುವುದು ಶೋಕಿ. ಸುತ್ತ ಸ್ಪ್ರಿಂಗ್ ಇರುವ ಶಾಕ್‌ಗಳನ್ನಂತೂ ಹಳೆ ಜೀಪಿಗೆ ಹಾಕಲೇಬಾರದು. ಭಾರ ಹೊರಲೆಂದು ಮಾಡಿರದ ಕೊಂಡಿಯ ಮೇಲೆ ಭಾರ ಬಿದ್ದು ಕೊಂಡಿಯೇ ಬಿರುಕು ಬಿಡುತ್ತದೆ.

ನಾವು ನೈಟ್ರೋಜನ್ ತುಂಬಿದ ಜೋಡಿ ಕೊಳವೆಯನ್ನೇ ಗೊತ್ತು ಮಾಡಿಕೊಂಡೆವು. ಈ ಸಲ ಅಂಗಡಿಗೆ ಹೋದಾಗ ಗಾಡಿಯ ಹೆಸರು ಹೇಳಲಿಲ್ಲ, ಚೀಟಿ ಮುಂದಿಟ್ಟೆವು. ಕುಗ್ಗಿದ ಅಳತೆ, ಎಳೆದ ಅಳತೆ, ಎರಡೂ ತುದಿಯಲ್ಲಿ ಕಣ್ಣು, ಬುಷ್‌ನ ಒಳವ್ಯಾಸ, ಮುಂದಿನ ಆಕ್ಸಲ್ 720, ಹಿಂದಿನದು 610. ಮೂರು ಅಂಗಡಿಯವರು ನಕ್ಕರು. ನಾಲ್ಕನೆಯವರು ಕನ್ನಡಕ ಹಾಕಿಕೊಂಡು ಕ್ಯಾಟಲಾಗ್ ತೆಗೆದರು. ಭಾರದ ಲಾರಿಯದಲ್ಲ, ಸುಮಾರು ಅಷ್ಟೇ ತೂಕದ ಹಗುರ ವಾಹನವೊಂದರ ಶಾಕ್ ಹಿಂದಕ್ಕೆ ಹೊಂದಿತು. ಮುಂದೆ ಎಂಜಿನ್‌ನ ಭಾರ ಯಾವಾಗಲೂ ಇರುವುದರಿಂದ ಅಲ್ಲಿಗೆ ಒಂದು ಹಂತ ಬಿಗಿಯಾದದ್ದು. ಪೇಟೆಯಲ್ಲಿ ರಿಪೇರಿ ಮಾಡಿ ಬಣ್ಣ ಹೊಡೆದ ಶಾಕ್‌ಗಳೂ ಹೊಸತರ ಡಬ್ಬಿಯಲ್ಲಿ ಸಿಗುತ್ತವೆ, ದಪ್ಪ ಎಣ್ಣೆ ತುಂಬಿದ್ದರಿಂದ ಕೈಯಲ್ಲಿ ಒತ್ತಿದರೆ ಭಲೇ ಗಟ್ಟಿ. ಒಂದು ಮಳೆಗಾಲ ಕಳೆದರೆ ಬಣ್ಣ ಹೊರಗೆ. ಬಿಲ್ ಕೊಡದವರಲ್ಲಿ ಕೊಳ್ಳದಿರುವುದು ಲೇಸು.

ಇಲ್ಲಿ ಮುಲುಂಡ್‌ನ ನಂಟೊಂದನ್ನು ಹೇಳದೆ ಮುಂದೆ ಹೋಗಲಾರೆ. ಶಾಕ್ ತಯಾರಿಸುವ ಗೇಬ್ರಿಯಲ್ ಇಂಡಿಯಾ ಕಂಪೆನಿ 1961ರಲ್ಲಿ ಆರಂಭವಾದದ್ದು ಮುಲುಂಡ್‌ನಲ್ಲಿಯೇ. ಅದಕ್ಕೆ ಹೆಸರು ಕೊಟ್ಟ ಅಮೆರಿಕದ ಕಂಪೆನಿ ಮೊದಲು ತಯಾರಿಸುತ್ತಿದ್ದದ್ದು ಶಾಕ್ ಅಲ್ಲ, ಮೋಟಾರಿನ ಹಾರ್ನ್. ಭಾವನ ಹೊಟೇಲಿನಿಂದ ನಡೆದು ಹೋಗುವ ಊರಿನಲ್ಲಿಯೇ ಶಾಕ್ ಕಾರ್ಖಾನೆ, ಭಾವ ಮಾತ್ರ 1983ರಲ್ಲಿ ಪಟ್ಟಿ ಸೇರಿಸಿ ಕುಳಿತರು ಎಂದು ಅಳಿಯ ಈಗಲೂ ರೇಗಿಸುತ್ತಾನೆ.

ಜೋಡಿಸುವ ದಿನ ಹಿರಿಯರು ತಾವೇ ಬಂದರು. ಹೊಸ ಶಾಕನ್ನು ಡಬ್ಬಿಯಿಂದ ತೆಗೆದು ಹಾಗೆಯೇ ಹಾಕುವುದಲ್ಲ. ಮಲಗಿಸಿಟ್ಟದ್ದರಲ್ಲಿ ಗಾಳಿ ಪಿಸ್ಟನ್ನಿನ ಕಡೆ ಸೇರಿರುತ್ತದೆ. ನೆಟ್ಟಗೆ ಹಿಡಿದು ಪೂರ್ತಿ ಎಳೆದು, ತಲೆಕೆಳಗು ಮಾಡಿ ಒತ್ತಿ, ಹೀಗೆ ನಾಲ್ಕೈದು ಬಾರಿ ಮಾಡಿದ ಮೇಲೆ ನೆಟ್ಟಗೇ ಹಿಡಿದು ಜೋಡಿಸಬೇಕು. ಕೊನೆಯ ಬಿಗಿತ ಗಾಡಿ ತನ್ನ ಕಾಲ ಮೇಲೆ ನಿಂತ ಬಳಿಕ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟಯರಿನ ಗಾಳಿಯನ್ನೂ ಇಳಿಸಿದೆವು.

ಪರೀಕ್ಷೆಗೆ ಅದೇ ಮೇಲ್ಸೇತುವೆ. ಈ ಸಲ ಭಾನುವಾರ ಬೆಳಗ್ಗೆ ಐದೂವರೆಗೆ, ರಸ್ತೆಯಲ್ಲಿ ಯಾರೂ ಇಲ್ಲದಾಗ, ಮೊದಲು ಮೂವತ್ತರಲ್ಲಿ, ಆಮೇಲೆ ನಲವತ್ತು, ಆಮೇಲೆ ಐವತ್ತು. ಜೋಡಣೆಗೆ ಚಕ್ರ ತಾಗಿದಾಗ ಧಪ್ ಎಂದು ಒಂದೇ ಸದ್ದು. ಹಿಂಭಾಗ ಒಮ್ಮೆ ಇಳಿಯಿತು, ಏರಿತು, ನಿಂತಿತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಅಳಿಯ ನನ್ನನ್ನು ನೋಡಿದ, ನಾನು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದೆ. ಇನ್ನೂ ಎರಡು ಸುತ್ತು ಹೋಗಿ ಬಂದೆವು. ಕಾರಿನ ಹಾಗೆ ಆಯಿತೆಂದು ಹೇಳುವುದಿಲ್ಲ. ಜೀಪು ಜೀಪೇ. ಎರಡು ಕಡೆಯ ಚಕ್ರಗಳೂ ಒಂದೇ ಆಕ್ಸಲ್ಲಿಗೆ ಕಟ್ಟಿಕೊಂಡಿರುವ ತನಕ ಒಂದು ಚಕ್ರದ ಹೊಂಡ ಇನ್ನೊಂದಕ್ಕೂ ತಿಳಿಯುತ್ತದೆ.

ಅಕ್ಕ ನಂಬಲಿಲ್ಲ. ತಾನೇ ಹತ್ತಿ ಕುಳಿತು ಮುಲುಂಡ್ ಚೆಕ್‌ನಾಕಾದವರೆಗೆ ಹೋಗಿ ಬಂದಳು. ಇಳಿಯುವಾಗ 'ಸೀಟಿಗೆ ಇನ್ನೊಂದು ದಿಂಬು ಹಾಕು' ಎಂದಷ್ಟೇ ಹೇಳಿ ಒಳಗೆ ಹೋದಳು. ಮರುವಾರ ಬೆಳಗಿನ ಜಾವ ಮೂರೂವರೆಗೆ, ಹಿಂದಿನ ಹೊತ್ತಿಗೇ, ಭಾವನನ್ನು ಕೂರಿಸಿಕೊಂಡು ಬೈಕಲಾಕ್ಕೆ ಹೊರಟೆವು. ಶೀವ್ ದಾಟಿದ ಮೇಲೆ ಭಾವ ಮಾತಾಡಲು ತೊಡಗಿದರು. ಯಾವ ತಿರುವಿನಲ್ಲಿ ಯಾವ ಮಳೆಗಾಲ ನೀರು ನಿಂತಿತ್ತು, ಎಲ್ಲಿ ಟಯರ್ ಒಡೆದಿತ್ತು, ಯಾವ ಚಹಾದಂಗಡಿಯವ ಸಾಲ ಕೊಡುತ್ತಿದ್ದ. ಮಾರುಕಟ್ಟೆಯ ಬಳಿ ನಿಲ್ಲಿಸಿದಾಗ ಕೆಳಗಿಳಿಯಲಿಲ್ಲ. ಕಿಟಕಿಯಿಂದಲೇ ಸ್ವಲ್ಪ ಹೊತ್ತು ನೋಡಿ, ಹಿಂದಿನ ಖಾಲಿ ಡಬ್ಬಿಯ ಕಡೆ ತಿರುಗಿ, 'ಎರಡು ಗೋಣಿಯಾದರೂ ಹಾಕಿಕೊಳ್ಳೋಣವೇನೋ, ಬರಿಗೈಯಲ್ಲಿ ಹೋದರೆ ಗಾಡಿಗೆ ಬೇಸರ' ಎಂದರು.

ಹಾಕಿಕೊಂಡೆವು. ಎರಡು ಗೋಣಿ ಬಟಾಟೆ, ನೂರು ಕಿಲೋ. ಬರುವಾಗ ಗಾಡಿ ಹೋಗುವಾಗಿಗಿಂತಲೂ ಮೆತ್ತಗೆ ಬಂತು. ಆ ಬಟಾಟೆಯನ್ನು ಕಟ್ಟಡದವರಿಗೆಲ್ಲ ಹಂಚಿ ಮುಗಿಸಲು ಅಕ್ಕನಿಗೆ ಎರಡು ದಿನ ಬೇಕಾಯಿತು. ಐನೂರು ಕಿಲೋಮೀಟರ್ ಆದ ಮೇಲೆ ಹಿರಿಯರು ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದು ಹೋಗಿದ್ದಾರೆ. ಮುಂದಿನ ಬಲಗಡೆಯ ಬುಷ್ ಒಂದು ಚಳಿಯಲ್ಲಿ ಕೀಚ್ ಎನ್ನುತ್ತದೆ. ಅಳಿಯ ಈಗ ಸ್ಟಿಯರಿಂಗ್‌ಗೂ ಒಂದು ಡ್ಯಾಂಪರ್ ಹಾಕಿಸೋಣವೇ ಎಂದು ಕೇಳಿದ. ಹಿರಿಯರು ಮೊದಲು ಕಿಂಗ್‌ಪಿನ್ ನೋಡಿದರು, ಅಲುಗಾಡಿಸಿದರು, ಕೈ ಒರೆಸಿಕೊಂಡು ಮತ್ತದೇ ಮಾತು ಹೇಳಿದರು: 'ಬೊಡ್ಚಿ.'